ಹಳೇ ಜೈಲಿನೊಳಗೆ ನಿಂತಿದ್ದರೆ ಕೇಸೇ ಆಗುತ್ತಿರಲಿಲ್ಲ

ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಒಂದು ಸಲ ಸುಮ್ನೆ ನಡೆದು ನೋಡಿ. ಸರ್ಕಾರಿ ವಿಜ್ಞಾನ ಕಾಲೇಜು ಅಲ್ಲಿದೆ, ಈಗ ಅದು ನೃಪತುಂಗ ವಿಶ್ವವಿದ್ಯಾಲಯ. ಅದೇ ರಸ್ತೆಯಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳು. ಅದೇ ರಸ್ತೆಯಲ್ಲಿ ಪೊಲೀಸ್ ಪ್ರಧಾನ ಕಚೇರಿ. ರಿಸರ್ವ್ ಬ್ಯಾಂಕೂ ಅಲ್ಲೇ. ಓದು, ಕೇಸು, ವೆರಿಫಿಕೇಶನ್, ದುಡ್ಡು, ಎಲ್ಲಾ ಒಂದೇ ರಸ್ತೆಯಲ್ಲಿ. ಮೀಟರ್ ಹಾಕುವ ಆಟೋ ಸಿಕ್ಕರೆ ಮಿನಿಮಮ್ ಚಾರ್ಜಿನಲ್ಲೇ ಮುಗಿದುಹೋಗುವ ದಾರಿ. ನಮ್ಮ ಬೀದಿಯ ಹುಡುಗನೊಬ್ಬ ಈ ದಾರಿಯಲ್ಲಿ ಎರಡನೇ ಗೇಟಿನ ಹತ್ತಿರ, ಅಂದರೆ ಕೋರ್ಟಿನಲ್ಲಿ, ಸಿಕ್ಕಿಹಾಕಿಕೊಂಡು ಮೂರು ವರ್ಷ ಆಯಿತು.

ಅವನು ಮಾಡಿದ್ದೇನು ಅಂದರೆ, ಹತ್ತೊಂಬತ್ತನೇ ವಯಸ್ಸಿನಲ್ಲಿ ಫೀಸು ಜಾಸ್ತಿ ಮಾಡಿದರು ಅಂತ ಗೆಳೆಯರ ಜೊತೆ ರಸ್ತೆಗಿಳಿದು ಘೋಷಣೆ ಕೂಗಿದ್ದು. ಇಪ್ಪತ್ತು ನಿಮಿಷ ಗಾಡಿಗಳು ನಿಂತವು. ಬೆಂಗಳೂರಿನಲ್ಲಿ ಇಪ್ಪತ್ತು ನಿಮಿಷ ಗಾಡಿ ನಿಲ್ಲುವುದು ಅಪರಾಧ ಅಂತ ನನಗೂ ಅವತ್ತೇ ಗೊತ್ತಾಗಿದ್ದು. ಸಿಲ್ಕ್ ಬೋರ್ಡ್ ಜಂಕ್ಷನ್ ಮೇಲೆ ಇದುವರೆಗೆ ಯಾಕೆ ಎಫ್‌ಐಆರ್ ಆಗಿಲ್ಲವೋ!

ಈಗ ಈ ಊರಲ್ಲಿ ಪ್ರತಿಭಟನೆ ಮಾಡುವವರು ಫ್ರೀಡಂ ಪಾರ್ಕಿಗೇ ಹೋಗಬೇಕು, ಬೇರೆ ಕಡೆ ಮಾಡಿದರೆ ಕೇಸು. ಫ್ರೀಡಂ ಪಾರ್ಕ್ ಅಂದರೆ ಯಾವುದು? ನಮ್ಮ ಹಳೇ ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಅದನ್ನು ಪಾರ್ಕ್ ಮಾಡಿದರು. ಅಂದರೆ ಲೆಕ್ಕ ಇಷ್ಟೇ. ಹುಡುಗ ಜೈಲಿನ ಗೋಡೆಯೊಳಗೆ ನಿಂತು ಕೂಗಿದ್ದರೆ ಅವನ ದಾಖಲೆ ಹಾಲಿನಷ್ಟು ಬಿಳಿ. ಹೊರಗೆ ನಿಂತು ಕೂಗಿದ, ಅದಕ್ಕೇ ಆರೋಪಿ.

ಡಿಗ್ರಿ ಮುಗೀತು. ಟಿಸಿಯಲ್ಲಿ ನಡತೆ 'ಗುಡ್' ಅಂತ ಬರೆದುಕೊಟ್ಟರು. ಎಲ್ಲರಿಗೂ ಹಾಗೇ ಬರೆಯುತ್ತಾರೆ ಬಿಡಿ, ಪ್ರಿನ್ಸಿಪಾಲರ ಕಾರಿನ ಗಾಳಿ ತೆಗೆದವನಿಗೂ 'ಗುಡ್'. ಆಮೇಲೆ ಸರ್ಕಾರಿ ಕೆಲಸದ ಪರೀಕ್ಷೆ ಬರೆದ, ಪಾಸಾದ, ಅಟೆಸ್ಟೇಶನ್ ಫಾರಂ ಬಂತು. ಅದರ ಪ್ರಶ್ನೆಗಳನ್ನು ನೀವು ಓದಬೇಕು. ನಿಮ್ಮನ್ನು ಯಾವತ್ತಾದರೂ ಬಂಧಿಸಿದ್ದಾರಾ? ಯಾವತ್ತಾದರೂ ಕೇಸು ನಡೆದಿದೆಯಾ? ಯಾವತ್ತಾದರೂ ವಶದಲ್ಲಿ ಇಟ್ಟುಕೊಂಡಿದ್ದರಾ? ಕೋರ್ಟು ಯಾವತ್ತಾದರೂ ದಂಡ ಹಾಕಿದೆಯಾ? ಒಂದೊಂದಕ್ಕೂ ಹೌದು ಅಥವಾ ಇಲ್ಲ. 'ಹೌದು, ಆದರೆ' ಅನ್ನುವುದಕ್ಕೆ ಕೊಟ್ಟಿರುವ ಜಾಗದಲ್ಲಿ ಇಡೀ ಹೆಸರೂ ಹಿಡಿಸುವುದಿಲ್ಲ.

1975ರ ಜೂನ್ 26ರಂದು, ತುರ್ತು ಪರಿಸ್ಥಿತಿಯಲ್ಲಿ, ವಾಜಪೇಯಿ ಮತ್ತು ಅಡ್ವಾಣಿ ಅವರನ್ನು ಬಂಧಿಸಿದ್ದು ಬೆಂಗಳೂರಿನಲ್ಲೇ. ಇಟ್ಟಿದ್ದು ಇದೇ ಹಳೇ ಜೈಲಿನಲ್ಲಿ. ಒಬ್ಬರು ಪ್ರಧಾನಿಯಾದರು, ಇನ್ನೊಬ್ಬರು ಉಪಪ್ರಧಾನಿಯಾದರು. ಅವರಿಬ್ಬರೂ ಪ್ರಧಾನಿ ಕಚೇರಿಯಲ್ಲಿ ಗುಮಾಸ್ತರ ಕೆಲಸಕ್ಕೆ ಅರ್ಜಿ ಹಾಕಿದ್ದರೆ 'ಬಂಧಿಸಿದ್ದಾರಾ?' ಅನ್ನುವಲ್ಲಿ 'ಹೌದು' ಅಂತ ಟಿಕ್ ಹಾಕಿ, ವೆರಿಫಿಕೇಶನ್ ಪೆಂಡಿಂಗ್ ಅಂತ ಮನೆಯಲ್ಲಿ ಕೂತಿರಬೇಕಿತ್ತು. ಅದೇ ಕಚೇರಿಯ ದೊಡ್ಡ ಕುರ್ಚಿಗೆ ಆ ಫಾರಂ ಇಲ್ಲ ನೋಡಿ, ಅದಕ್ಕೇ ಬಚಾವ್.

ಹುಡುಗ ನನ್ನ ಹತ್ತಿರ ಬಂದ. 'ಅಂಕಲ್, ಹೌದು ಅಂತ ಹಾಕಲಾ, ಇಲ್ಲ ಅಂತ ಹಾಕಲಾ?'

ಇದಕ್ಕೆ ಉತ್ತರ ಹೇಳುವುದಕ್ಕಿಂತ ಮದುವೆ ಮನೆಯಲ್ಲಿ ಹೋಳಿಗೆ ಜಾಸ್ತಿ ಆಯಿತಾ ಕಡಿಮೆ ಆಯಿತಾ ಅಂತ ಬೀಗರಿಗೆ ಹೇಳುವುದು ಸುಲಭ. ಹೌದು ಅಂದರೆ ಕೆಲಸ ಕೊಡುವುದಿಲ್ಲ. ಇಲ್ಲ ಅಂದರೆ ಕೆಲಸ ಕೊಟ್ಟು, ಎರಡು ವರ್ಷ ದುಡಿಸಿಕೊಂಡು, ಮುಚ್ಚಿಟ್ಟಿದ್ದೀಯ ಅಂತ ಹೊರಗೆ ಹಾಕುತ್ತಾರೆ. ಇಂಥ ಕೇಸುಗಳು ಎಷ್ಟೋ ಸುಪ್ರೀಂ ಕೋರ್ಟಿನವರೆಗೂ ಹೋಗಿವೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಕೋರ್ಟು ಇದನ್ನೇ ಕೂತು ಬಿಡಿಸಿತು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವಾದರೆ, ಮುಚ್ಚಿಟ್ಟಿದ್ದನ್ನೂ ಮಾಲೀಕರು ಮನ್ನಿಸಬಹುದು ಅಂದಿತು. ಘೋಷಣೆ ಅನ್ನುವ ಉದಾಹರಣೆಯನ್ನೇ ಕೊಟ್ಟಿದೆ, ನಮ್ಮ ಹುಡುಗನ ಫೋಟೊ ಇಟ್ಟುಕೊಂಡು ಬರೆದ ಹಾಗಿದೆ. ಆದರೆ 'ಮನ್ನಿಸಬಹುದು' ಅಂದಿದೆ, 'ಮನ್ನಿಸಲೇಬೇಕು' ಅಂದಿಲ್ಲ. ಬಹುದು ಅನ್ನುವ ಮಾತನ್ನು ನಮ್ಮ ಕಚೇರಿಗಳಲ್ಲಿ ಹೇಗೆ ಓದುತ್ತಾರೆ ಅಂತ ನಿಮಗೆ ನಾನು ಹೇಳಬೇಕಾ?

ಹೌದು ಅಂತಲೇ ಹಾಕಿದ. ಫೈಲು ಕೂತಿತು, ಇನ್ನೂ ಕೂತಿದೆ.

ಸರಿ, ಐಟಿ ಕಂಪನಿ ನೋಡೋಣ ಅಂದ. ಅಲ್ಲಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅಂತ ಬೇರೆ ಏಜೆನ್ಸಿಗೆ ಕೊಡುತ್ತಾರೆ. ಅವರು ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕುತ್ತಾರೆ. ನಮ್ಮ ಹುಡುಗನ ಹೆಸರು, ಅಪ್ಪನ ಹೆಸರು ಎರಡೂ ಇರುವವರು ಈ ಊರಲ್ಲಿ ಏನಿಲ್ಲವೆಂದರೂ ನೂರು ಜನ. ಆದರೆ ರಿಪೋರ್ಟಿನಲ್ಲಿ ಕೆಂಪು ಬಣ್ಣ ಬಂದಿದ್ದು ಸರಿಯಾಗಿ ಇವನಿಗೇ, ಅದರಲ್ಲಿ ಮಾತ್ರ ಅವರು ತಪ್ಪು ಮಾಡಲಿಲ್ಲ. ಆಫರ್ ಲೆಟರ್ ವಾಪಸ್. ಕೇಸು ಸುಳ್ಳೋ ನಿಜವೋ, ಖುಲಾಸೆ ಆಗಬಹುದೋ, ಮುಂದಿನ ತಾರೀಖು ಯಾವಾಗಲೋ, ಆ ಕಾಲಂ ಅವರಲ್ಲಿಲ್ಲ. ಕೇಸು ಮುಗಿಯಲಿ ಆಮೇಲೆ ಬಾ ಅಂದರು. ನೃಪತುಂಗ ರಸ್ತೆಯಲ್ಲಿ ಕೇಸು ಮುಗಿಯುವುದನ್ನು ಕಾಯುವವನು ಪಕ್ಕದ ಕಾಲೇಜಿನಲ್ಲಿ ಇನ್ನೊಂದು ಡಿಗ್ರಿ ಮಾಡಿಕೊಳ್ಳುವುದು ವಾಸಿ.

ಡಿಗ್ರಿ ಅಂದಾಗ ನೆನಪಾಯಿತು. ಇಗ್ನೋ ಮುಕ್ತ ವಿಶ್ವವಿದ್ಯಾಲಯದವರು ಜೈಲಿನಲ್ಲಿರುವವರಿಗೆ ಫೀಸಿಲ್ಲದೆ ಓದಿಸುತ್ತಾರೆ. ಒಳ್ಳೇ ಕೆಲಸ, ತಮಾಷೆ ಮಾಡುತ್ತಿಲ್ಲ. ತಮಾಷೆ ಇರುವುದು ಗೇಟಿನಲ್ಲಿ. ಒಳಗಿರುವಾಗ ಸರ್ಕಾರವೇ ಪುಸ್ತಕ ಕೊಟ್ಟು, ಪರೀಕ್ಷೆ ಬರೆಸಿ, ಓದಿ ಮನುಷ್ಯನಾಗಪ್ಪಾ ಅನ್ನುತ್ತದೆ. ಆ ಡಿಗ್ರಿ ಹಿಡಿದು ಹೊರಗೆ ಬಂದರೆ ಅದೇ ಸರ್ಕಾರ, ಯಾವತ್ತಾದರೂ ಒಳಗಿದ್ದೆಯಾ ಅಂತ ಕೇಳುತ್ತದೆ. ಇದ್ದೆನಪ್ಪಾ, ನೀನೇ ಇಟ್ಟುಕೊಂಡಿದ್ದೆಯಲ್ಲ, ನೀನೇ ಓದಿಸಿದ್ದೆಯಲ್ಲ!

ನಮ್ಮ ಹುಡುಗನಿಗೆ ಆ ಲಾಭವೂ ಇಲ್ಲ. ಜೈಲಿಗೂ ಹೋಗಲಿಲ್ಲ, ಸ್ಟೇಷನ್ನಿನಲ್ಲೇ ಜಾಮೀನು ಸಿಕ್ಕಿತು. ಅವನು ಓದಿದ್ದೆಲ್ಲ ಫೀಸು ಕಟ್ಟಿ, ಅದೂ ಜಾಸ್ತಿ ಮಾಡಿದ ಫೀಸು.

ಅವನಮ್ಮ ಒಂದು ದಿನ ಬೇಜಾರಾಗಿ ಅಂದರು, 'ಇವನನ್ನ ಎಲೆಕ್ಷನ್ನಿಗೆ ನಿಲ್ಲಿಸೋದೇ ವಾಸಿ ಸಾರ್.' ಬೇಜಾರಿನಲ್ಲಿ ಹೇಳಿದರೂ ಲೆಕ್ಕ ತಪ್ಪಿಲ್ಲ. 2024ರಲ್ಲಿ ಗೆದ್ದ 543 ಲೋಕಸಭಾ ಸದಸ್ಯರಲ್ಲಿ 251 ಜನ ತಮ್ಮ ಮೇಲೆ ಕ್ರಿಮಿನಲ್ ಕೇಸು ಇದೆ ಅಂತ ಅಫಿಡವಿಟ್ಟಿನಲ್ಲಿ ಅವರೇ ಬರೆದುಕೊಟ್ಟಿದ್ದಾರೆ. ಕೇಸಿದ್ದವರೆಲ್ಲ ತಪ್ಪಿತಸ್ಥರಲ್ಲ, ಒಪ್ಪೋಣ. ನಮ್ಮ ಹುಡುಗನೂ ಅದನ್ನೇ ತಾನೆ ಹೇಳುತ್ತಿರುವುದು? ಅವರಿಗೆ ಶಿಕ್ಷೆಯೇ ಆಗಿ, ಅದು ಎರಡು ವರ್ಷವೋ ಜಾಸ್ತಿಯೋ ಇದ್ದರೂ, ಹೊರಗೆ ಬಂದ ಆರು ವರ್ಷಕ್ಕೆ ಮತ್ತೆ ಸ್ಪರ್ಧಿಸಬಹುದು. ಹಾಲಿನ ಪ್ಯಾಕೆಟ್ಟಿಗೆ ಇರುವಂತೆ ಅವರ ಕಳಂಕಕ್ಕೆ ಒಂದು ಎಕ್ಸ್‌ಪೈರಿ ಡೇಟ್ ಇದೆ. ನಮ್ಮ ಹುಡುಗನ ಫಾರಂನಲ್ಲಿ ಇರುವುದು 'ಯಾವತ್ತಾದರೂ'.

ಅವರೂ ಕಷ್ಟ ಪಡುತ್ತಾರೆ ಅನ್ನಿ. ಕೇಸಿನ ವಿವರವನ್ನು ಮೂರು ಸಲ ಪೇಪರಿನಲ್ಲಿ, ಟಿವಿಯಲ್ಲಿ ಜಾಹೀರಾತು ಕೊಡಬೇಕು. ಕೇಸಿಲ್ಲದವರನ್ನು ಬಿಟ್ಟು ಇವರಿಗೇ ಟಿಕೆಟ್ ಯಾಕೆ ಅಂತ ಪಕ್ಷವೂ ಕಾರಣ ಬರೆದು ಹಾಕಬೇಕು. ಗೆಲ್ಲುತ್ತಾರೆ ಅನ್ನುವುದೊಂದೇ ಕಾರಣ ಆಗಬಾರದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಈ ಸೌಲಭ್ಯ ನಮ್ಮ ಹುಡುಗನಿಗೂ ಕೊಡಿ ಸ್ವಾಮಿ. ಮೂರಲ್ಲ, ಮೂವತ್ತು ಸಲ ಜಾಹೀರಾತು ಹಾಕೋಣ, ಬೀದಿಯವರೆಲ್ಲ ಚಂದಾ ಎತ್ತುತ್ತೇವೆ.

ಹೋದ ವಾರ ಅವನು ಇನ್ನೊಂದು ಫಾರಂ ತಂದಿದ್ದ. ಪರಿಚಯದ ಇಬ್ಬರು ಜವಾಬ್ದಾರಿಯುತ ವ್ಯಕ್ತಿಗಳ ಹೆಸರು ಬೇಕಂತೆ, ಒಬ್ಬ ನಾನು. ವೆರಿಫಿಕೇಶನ್ನಿಗೆ ಪೊಲೀಸಿನವರು ಮನೆಗೇ ಬಂದರು, ಒಳ್ಳೆಯ ಮನುಷ್ಯ, ಕಾಫಿ ಕುಡಿದರು.

'ಹುಡುಗ ಹೇಗೆ ಸಾರ್?'

'ಚಿನ್ನದಂಥ ಹುಡುಗ.'

'ನಿಮ್ಮ ಮೇಲೆ ಏನೂ ಇಲ್ಲ ತಾನೆ?'

ಹೆಲ್ಮೆಟ್ಟು, ಸಿಗ್ನಲ್ ಜಂಪು, ಒನ್‌ವೇ, ಎಲ್ಲಾ ಸೇರಿ ಹದಿನಾಲ್ಕಿತ್ತು. 'ಇಲ್ಲ ಸಾರ್' ಅಂದೆ. '2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರೇಟಿನ ಆಫರ್ ಬಿಟ್ಟಿದ್ದಿರಲ್ಲ, ಆಗಲೇ ಎಲ್ಲಾ ಕ್ಲಿಯರ್ ಮಾಡಿಕೊಂಡೆ.'