ಕಣ್ತಪ್ಪಿನಿಂದ ಗದ್ದೆಯಾದ ನೆಲ

ಗೋವಾದ ಭತ್ತದ ಗದ್ದೆಗಳಲ್ಲಿ ಕೆಲವು ಕೇವಲ ಕಣ್ತಪ್ಪಿನಿಂದ ಗದ್ದೆಗಳಾಗಿ ಉಳಿದಿವೆ ಎಂಬ ಸತ್ಯ, ಮಡಗಾಂವಿನ ಬಳಿಯ ಹಳ್ಳಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಾಸವಾಗಿರುವ ನನಗೆ 2023ರವರೆಗೂ ತಿಳಿದಿರಲಿಲ್ಲ. ನಾನು ಕುಮಟೆಯ ಕಡೆಯವನು, ಹೊಳೆಯ ಉಪ್ಪುನೀರಿನಂಚಿನ ಗದ್ದೆಯಾದ ಗಜನಿಯ ಏರಿಯ ಮೇಲೆ ನಡೆದು ಶಾಲೆಗೆ ಹೋದವನು. ಮೊಣಕಾಲುದ್ದ ಕೆಸರಿದ್ದು, ಬೆಳ್ಳಕ್ಕಿ ಕೂತಿದ್ದು, ಮಳೆಗಾಲದಲ್ಲಿ ಹಸಿರಾಗುವ ನೆಲವನ್ನು ಕಂಡರೆ ಅದನ್ನು ಗದ್ದೆಯೆಂದೇ ತಿಳಿಯುವ ಹಳೆಯ ರೋಗ ನನ್ನದು. ಆ ವರ್ಷ ರಾಜ್ಯದ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಗೆ 17(2) ಎಂಬ ಉಪಕಲಮು ಸೇರಿಕೊಂಡು, ಯಾವ ನೆಲ ಯಾವ ಬಳಕೆಗೆ ಎಂದು ಗೊತ್ತುಮಾಡುವ ಪ್ರಾದೇಶಿಕ ಯೋಜನೆಯಲ್ಲಿ ಅನವಧಾನದಿಂದ ನುಸುಳಿದ ತಪ್ಪುಗಳನ್ನೂ ಅಸಂಗತವಾದ ವಲಯಗಳನ್ನೂ ತಿದ್ದುವ ಅಧಿಕಾರ ಮುಖ್ಯ ಯೋಜಕರಿಗೆ ದೊರೆತ ಮೇಲೆಯೇ ನನ್ನ ಕಣ್ಣಿನ ಪೊರೆ ಕಳಚಿತು.

ಈ ತಪ್ಪು ಒಂದೇ ದಿನದಲ್ಲಿ ಆದದ್ದಲ್ಲ, ಅದಕ್ಕಾಗಿ ಊರೂರುಗಳೇ ವರ್ಷಗಟ್ಟಲೆ ಶ್ರಮಿಸಿವೆ. 2006ರಲ್ಲಿ ‘ಪ್ರಾದೇಶಿಕ ಯೋಜನೆ 2011’ ಪ್ರಕಟವಾದಾಗ, ಗುಡ್ಡಗಳೂ ತೋಟಗಳೂ ನಕ್ಷೆಯಲ್ಲಿ ವಸತಿ ಪ್ರದೇಶಗಳಾಗಿರುವುದನ್ನು ಕಂಡು ಜನ ಬೀದಿಗಿಳಿದರು. 2007ರ ಆರಂಭದಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು. ಅನಂತರ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿದ್ದ ಕಾರ್ಯಪಡೆಯೊಂದು ಹೊಸ ಯೋಜನೆಯನ್ನು ಸಿದ್ಧಪಡಿಸಿ, ಕರಡು ನಕ್ಷೆಗಳನ್ನು ಪಂಚಾಯತಿಗಳಿಗೇ ಕಳುಹಿಸಿ, ಎಲ್ಲಿ ಗದ್ದೆ, ಎಲ್ಲಿ ಕೆರೆ, ಎಲ್ಲಿ ಮನೆ ಎಂಬುದನ್ನು ನೀವೇ ಹೇಳಿ ಎಂದಿತು. ಉತ್ತರ ಕನ್ನಡ ಜಿಲ್ಲೆಯ ಮೂರನೆಯ ಒಂದು ಭಾಗಕ್ಕಿಂತ ತುಸುವೇ ದೊಡ್ಡದಾದ 3,702 ಚದರ ಕಿಲೋಮೀಟರಿನ ಈ ರಾಜ್ಯದಲ್ಲಿ ಗ್ರಾಮಸ್ಥರು ತಮ್ಮ ಬೇಸಾಯದ ನೆಲವನ್ನು ತಾವೇ ಬೆರಳಿಟ್ಟು ತೋರಿಸಿದರು. ಹೀಗೆ ರೂಪುಗೊಂಡ ‘ಪ್ರಾದೇಶಿಕ ಯೋಜನೆ 2021’ನ್ನು 2012ರಲ್ಲಿ ಬಂದ ಹೊಸ ಸರಕಾರ, ಹತ್ತು ಮಂದಿ ಹಿರಿಯರು ಕೂತು ನಿಶ್ಚಯಿಸಿದ ವರನನ್ನು ಮದುವೆಯ ಹಿಂದಿನ ರಾತ್ರಿ ಅಟ್ಟಕ್ಕೆ ಹತ್ತಿಸಿದಂತೆ, ಮೇಲೆತ್ತಿ ಇಟ್ಟಿತು. ಕೆಲವು ವರ್ಷಗಳ ಮೇಲೆ ವರನನ್ನು ಕೆಳಗಿಳಿಸಿದ್ದಾಯಿತು. ಆಗ ನೋಡಿದರೆ, ಅವನ ಮೈತುಂಬ ತಪ್ಪುಗಳು.

ಈ ತಪ್ಪುಗಳ ಸ್ವಭಾವವನ್ನು ನಾನು ಭಕ್ತಿಯಿಂದ ಗಮನಿಸುತ್ತ ಬಂದಿದ್ದೇನೆ. ಮನುಷ್ಯ ಮಾಡುವ ತಪ್ಪು ಅತ್ತಲೂ ಇತ್ತಲೂ ವಾಲಬೇಕು. ಅಂಗಡಿಯವನು ಲೆಕ್ಕ ತಪ್ಪಿದರೆ ಒಮ್ಮೆಯಾದರೂ ನಮ್ಮ ಕಡೆಗೆ ಹತ್ತು ರೂಪಾಯಿ ಹೆಚ್ಚು ಬರಬೇಕು. ಇಲ್ಲಿ ಮಾತ್ರ ಗದ್ದೆಯೇ ಸದಾ ಅಪರಾಧಿ. ಈಜುಕೊಳವಿರುವ ವಿಲ್ಲಾವೊಂದು ಅನವಧಾನದಿಂದ ವಸತಿ ವಲಯಕ್ಕೆ ಸೇರಿಹೋಗಿತ್ತು, ಈಗ ಅದನ್ನು ತಿದ್ದಿ ಭತ್ತ ಬಿತ್ತಲು ಮರಳಿಸಲಾಗಿದೆ ಎಂಬ ಅಧಿಸೂಚನೆಯನ್ನು ನಾನಂತೂ ಓದಿದ ನೆನಪಿಲ್ಲ. ಇನ್ನೊಂದು ವಿಶೇಷವೆಂದರೆ, ಅಖಂಡವಾಗಿ ಹರಡಿದ ಬಯಲಿನ ನಡುವೆ ಒಂದೇ ಒಂದು ಸರ್ವೆ ನಂಬರಿನಲ್ಲಿ ತಪ್ಪಾಗಿರುತ್ತದೆ; ಸುತ್ತಲಿನ ಎಲ್ಲ ನಂಬರುಗಳೂ ಸರಿಯಾಗಿಯೇ ಇರುತ್ತವೆ. ತಪ್ಪು ಪತ್ತೆಯಾಗಲು ಜಮೀನಿನ ಮಾಲೀಕ ಅರ್ಜಿ ಹಾಕಿ, ಚದರ ಮೀಟರಿಗೆ ಇಂತಿಷ್ಟೆಂದು ಶುಲ್ಕವನ್ನು ಕಟ್ಟಬೇಕಿತ್ತು. ಹಿಂದೆ ಬೆರಳಿಟ್ಟು ತೋರಿಸಿದ್ದ ಗ್ರಾಮಸ್ಥರನ್ನು ಮತ್ತೆ ಕರೆದು ಕೇಳುವ ಗೊಡವೆ ಇರಲಿಲ್ಲ. ತಪ್ಪು ಮಾಡಿದವರನ್ನೇ ಕೇಳಿದರೆ ಅವರು ಒಪ್ಪಿಕೊಳ್ಳುತ್ತಾರೆಯೇ?

ಅತ್ಯಂತ ದೊಡ್ಡ ಕಣ್ತಪ್ಪು ಖಾಜನ್ ಭೂಮಿಯದು. ನಮ್ಮ ಗಜನಿಯ ಒಡಹುಟ್ಟಿದ ನೆಲವಿದು: ಹೊಳೆಗೆ ಭರತದ ಉಪ್ಪುನೀರು ಏರಿ ಬರುವಲ್ಲಿ ಮಣ್ಣಿನ ಒಡ್ಡು ಕಟ್ಟಿ, ತೂಬಿಗೆ ಮರದ ಬಾಗಿಲಿಟ್ಟು, ಭರತ ಬಂದಾಗ ನೀರಿನ ಒತ್ತಡಕ್ಕೇ ಮುಚ್ಚಿಕೊಂಡು ಇಳಿತವಾದಾಗ ತಾನೇ ತೆರೆದುಕೊಳ್ಳುವಂತೆ ಮಾಡಿ, ಸಮುದ್ರದಿಂದ ಕಡ ತಂದ ಭೂಮಿ. ಅಲ್ಲಿ ನಾವು ಕಗ್ಗ ಬೆಳೆದರೆ ಇಲ್ಲಿ ಕೊರ್ಗುಟ್. ಎರಡೂ ಉಪ್ಪನ್ನು ತಡೆದುಕೊಳ್ಳುವ ಭತ್ತಗಳೇ. ಒಡ್ಡಿನಲ್ಲಿ ಏಡಿ ತೂತು ಕೊರೆದರೆ ಮುಚ್ಚುವವರು ಯಾರು, ತೂಬಿನ ಮೀನು ಯಾರ ಪಾಲಿಗೆ, ಆ ಹಣದಲ್ಲಿ ಒಡ್ಡಿಗೆಷ್ಟು, ದೇವಸ್ಥಾನಕ್ಕೆಷ್ಟು ಎಂಬುದನ್ನೆಲ್ಲ ಊರಿನ ಮೂಲ ಒಕ್ಕಲುಗಳ ಕೂಟವಾದ ಗಾಂವ್ಕರಿಯೇ ತೀರ್ಮಾನಿಸುತ್ತಿತ್ತು. 1526ರಲ್ಲಿ ಪೋರ್ಚುಗೀಸರು ಸನ್ನದು ಹೊರಡಿಸಿದಾಗ ಅವರು ಮಾಡಿದ್ದು ಅದಾಗಲೇ ಇದ್ದ ಈ ರೂಢಿಗಳನ್ನು ಬರೆದಿಟ್ಟದ್ದು. ಪರದೆಯ ಮೇಲೆ ಚಿತ್ರ ತೋರಿಸುವ ತಜ್ಞರಿಲ್ಲದೆ, ತರಬೇತಿ ಶಿಬಿರವಿಲ್ಲದೆ, ಊಟದ ಕೂಪನ್ ಇಲ್ಲದೆ ಸಮುದಾಯವೊಂದು ಶತಮಾನಗಳ ಮುಂದಿನದನ್ನು ಯೋಜಿಸಿದ ಈ ಅಶಿಸ್ತನ್ನು ಈಗ ಮೆಲ್ಲಗೆ ತಿದ್ದಲಾಗುತ್ತಿದೆ. ಸಿಗಡಿ, ಮೀನಿನ ಆಸೆಗೆ ತೂಬನ್ನು ತೆರೆದಿಟ್ಟು ಉಪ್ಪುನೀರು ಒಳಬಿಟ್ಟರೆ ಬೇಸಾಯ ನಿಲ್ಲುತ್ತದೆ. ಬೇಸಾಯ ನಿಂತ ಮೇಲೆ, ಉಳುಮೆಯೇ ಇಲ್ಲದ ಜಾಗವನ್ನು ಬೇಸಾಯದ ವಲಯವೆಂದು ಕರೆಯುವುದು ಅಸಂಗತವೆಂದು ಯಾರಿಗಾದರೂ ತೋರುತ್ತದೆ.

ಹಾಗೆಂದು ನಮ್ಮ ಊರು ಭವಿಷ್ಯದ ಬಗ್ಗೆ ಯೋಚಿಸುತ್ತಿಲ್ಲವೆಂದು ಯಾರೂ ಭಾವಿಸಬಾರದು. ಭಾನುವಾರದ ಗ್ರಾಮಸಭೆಯಲ್ಲಿ ನಾನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಪ್ಪದೆ ಕೂರುತ್ತೇನೆ. ಗ್ರಾಮ ಪಂಚಾಯತಿಯ ಅಭಿವೃದ್ಧಿ ಯೋಜನೆಗೆ ಮೇಲಿನಿಂದ ಒಂಬತ್ತು ವಿಷಯಗಳು ಬಂದಿದ್ದು, ‘ಸ್ವಚ್ಛ ಮತ್ತು ಹಸಿರು ಗ್ರಾಮ’ ಎಂಬುದನ್ನು ನಾವು ಒಮ್ಮತದಿಂದ ಆಯ್ದುಕೊಂಡಿದ್ದೇವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಇರಬೇಕಾದ ಜೀವವೈವಿಧ್ಯ ರಿಜಿಸ್ಟರೂ ನಮ್ಮಲ್ಲಿದೆ. 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ಹಸಿರು ನ್ಯಾಯಮಂಡಳಿ ಗದರಿಸಿದ ಮೇಲೆ ದೇಶದ ಪಕ್ಷಿಗಳೂ ಕಪ್ಪೆಗಳೂ ಎಷ್ಟು ಚುರುಕಾಗಿ ದಾಖಲಾದವೆಂದರೆ, ಅಂಥ ಜನಗಣತಿಯ ಭಾಗ್ಯ ಮನುಷ್ಯರಿಗೂ ಒದಗಿಲ್ಲ. ನಮ್ಮ ಬಯಲಿನ ಬೆಳ್ಳಕ್ಕಿಗಳು ಆ ರಿಜಿಸ್ಟರಿನಲ್ಲಿ ಸುರಕ್ಷಿತವಾಗಿವೆ. ಬಯಲಿನಲ್ಲಿ ಕೆಂಪು ಕಲ್ಲಿನ ಕಾಂಪೌಂಡು ಎದ್ದಿದೆ.

ಆ ಕಾಂಪೌಂಡು ಕಟ್ಟುತ್ತಿರುವ ಗೌಂಡಿ ಬಾಗಲಕೋಟೆ ಕಡೆಯವನು. ಊರನ್ನು ಹಾಳು ಮಾಡುತ್ತಿರುವವರು ‘ಭಾಯ್ಲೆ’, ಅಂದರೆ ಹೊರಗಿನವರು, ಎಂದು ಗ್ರಾಮಸಭೆಯಲ್ಲಿ ಯಾರಾದರೂ ಗುಡುಗಿದಾಗಲೆಲ್ಲ ಎಲ್ಲರ ಕಣ್ಣೂ ಅವನ ತಗಡಿನ ಶೆಡ್ಡಿನ ಕಡೆಗೇ ಹೊರಳುತ್ತದೆ. ವರ್ಷದಲ್ಲಿ ಹತ್ತು ದಿನ ಇರಲೆಂದು ಎರಡನೆಯ ಮನೆ ಕಟ್ಟಿಸುತ್ತಿರುವ ದಿಲ್ಲಿಯ ಯಜಮಾನರು ಹೂಡಿಕೆದಾರರಾದ್ದರಿಂದ ಆ ಮಾತಿನ ವ್ಯಾಪ್ತಿಗೆ ಬರುವುದಿಲ್ಲ. ಕಣ್ತಪ್ಪಿನ ಕಾನೂನನ್ನು ನಾನು ಅವನಿಗೆ ವಿವರಿಸಿದಾಗ ಅವನು ಕರಣಿಯನ್ನು ಬುಟ್ಟಿಯಲ್ಲಿಟ್ಟು ಬಹಳ ಹೊತ್ತು ಯೋಚಿಸಿದ. “ಅಲ್ರೀ ಸರ, ನಮ್ಮೂರಾಗ ತಪ್ಪು ಮಾಡಿದಾಂವ ದಂಡ ಕಟ್ತಾನ. ಇಲ್ಲಿ ಸರಕಾರದ ತಪ್ಪಿಗೆ ಹೊಲದ ಮಾಲಕ ರೊಕ್ಕ ಕಟ್ಟಾಕ ಹತ್ಯಾನ. ಎಂಥಾ ದೊಡ್ಡ ಮನಸ್ಸು ನೋಡ್ರಿ!” ಎಂದ. ಅವನು ವ್ಯಂಗ್ಯವಾಡುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

2025ರ ಮಾರ್ಚ್‌ನಲ್ಲಿ ಹೈಕೋರ್ಟಿನ ಗೋವಾ ಪೀಠ ಈ ಉಪಕಲಮಿನ ನಿಯಮಗಳನ್ನು ರದ್ದುಪಡಿಸಿ, ತಪ್ಪು ಎಂಬ ಪದಕ್ಕೆ ನಿಘಂಟಿನಲ್ಲಿರುವ ಅರ್ಥದ ಆಸುಪಾಸಿನಲ್ಲೇ ಇರುವಂತೆ ಅದನ್ನು ಕಟ್ಟಿಹಾಕಿತು. ದೂರದೃಷ್ಟಿಯುಳ್ಳ ಶಾಸನಸಭೆ ಅಷ್ಟರಲ್ಲಾಗಲೇ, 2024ರಲ್ಲಿ, 39ಎ ಎಂಬ ಇನ್ನೊಂದು ಕಲಮನ್ನು ಸೇರಿಸಿಟ್ಟಿತ್ತು. ವಲಯ ಬದಲಿಸಲು ಇದರಲ್ಲಿ ತಪ್ಪಿನ ನೆಪವೂ ಬೇಕಿಲ್ಲ. ಸಲಹೆ, ಆಕ್ಷೇಪಣೆಗಳಿಗೆ 30 ದಿನಗಳ ಅವಕಾಶವೂ ಇದೆ. ಸುಸ್ಥಿರತೆ ಎಂದರೆ ಏನೆಂದು ಕೇಳುವವರಿಗೆ ನಾನು ಈ ಕಲಮುಗಳನ್ನೇ ತೋರಿಸುತ್ತೇನೆ: ಒಂದನ್ನು ಕಡಿದರೆ ಪಕ್ಕದಲ್ಲೇ ಇನ್ನೊಂದು ಚಿಗುರಿರುತ್ತದೆ.

ಈ ನಡುವೆ ನನ್ನದೂ ಒಂದು ಅನವಧಾನದ ತಪ್ಪು ಪತ್ತೆಯಾಗಿದೆ. ಮನೆ ತೆರಿಗೆಯ ರಸೀದಿಯಲ್ಲಿ ನನ್ನ ತಂದೆಯ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ಕಚೇರಿಯ ತಪ್ಪೇ ಆದ್ದರಿಂದ ಅವರೇ ತಿದ್ದಿಯಾರೆಂದು ಹೋದರೆ, ಅಫಿಡವಿಟ್, ಗುರುತಿನ ಮೂರು ದಾಖಲೆ ಹಾಗೂ ಪತ್ರಿಕೆಯಲ್ಲಿ ಜಾಹೀರಾತು ಬೇಕೆಂದರು. ಎಲ್ಲವನ್ನೂ ಸಲ್ಲಿಸಿದ್ದೇನೆ. ಆ ಅಕ್ಷರವನ್ನು ನನ್ನ ತಂದೆಗೆ ಮರಳಿಸುವ ಬಗ್ಗೆ ಯಾರದಾದರೂ ಆಕ್ಷೇಪಣೆಯಿದ್ದರೆ ತಿಳಿಸಲು ಸಾರ್ವಜನಿಕರಿಗೆ ಸಾಕಷ್ಟು ಕಾಲಾವಕಾಶ ನೀಡಲಾಗಿದೆ.