ಹಾವು ಬಂದಾಗ ಯಾರ ಕೆಲಸ ಏನು?

ಅಂಗಳದಲ್ಲಿ ಹಾವು ಕಂಡ ಮೂರೇ ನಿಮಿಷಕ್ಕೆ ಅಲ್ಲೊಂದು ಹಾವು, ಹನ್ನೊಂದು ಮಂದಿ ಪರಿಣತರು ಸೇರಿರುತ್ತಾರೆ. ಒಬ್ಬರ ಕೈಯಲ್ಲಿ ಕೋಲು, ಇನ್ನೊಬ್ಬರ ಕೈಯಲ್ಲಿ ಫೋನು, ಮತ್ತೊಬ್ಬರ ಕೈಯಲ್ಲಿ ಫಿನೈಲ್ ಬಾಟಲಿ. ಉಳಿದವರ ಕೈ ಖಾಲಿಯಾದರೂ ಬಾಯಿ ತುಂಬ ಸಲಹೆ. "ತಲೆಗೇ ಕೊಡು" ಅನ್ನುವವರೊಬ್ಬರು, "ಬೇಡ ಬೇಡ, ಮುಖ ನೆನಪಿಟ್ಟುಕೊಂಡು ಹನ್ನೆರಡು ವರ್ಷಕ್ಕೆ ವಾಪಸ್ ಬರುತ್ತೆ" ಅನ್ನುವವರೊಬ್ಬರು. ಈ ಗಲಾಟೆಯ ನಡುವೆ ಹಾವು ಹಿಡಿಯುವವರು ಬಂದು ಹೆಲ್ಮೆಟ್ ತೆಗೆದು "ಎಲ್ಲಿದೆ?" ಎಂದು ಕೇಳಿದರೆ ಹನ್ನೊಂದು ಬೆರಳು ಹನ್ನೊಂದು ದಿಕ್ಕಿಗೆ ಏಳುತ್ತವೆ.

ಹಾವು ಹಿಡಿಯುವವರು ನಾಗರಹಾವಿಗೆ ಹೆದರುವುದಿಲ್ಲ, ಈ ಹನ್ನೊಂದು ಬೆರಳಿಗೆ ಹೆದರುತ್ತಾರೆ. ಕಣ್ಣೆದುರಿನ ಹಾವನ್ನು ಚೀಲಕ್ಕೆ ಇಳಿಸಲು ಐದು ನಿಮಿಷ ಸಾಕು. ಕಾಣೆಯಾದ ಹಾವಿಗಾಗಿ ಸೌದೆ, ಇಟ್ಟಿಗೆ, ಹಳೇ ಟೈರು, ಕೊನೆಗೆ ವಾಷಿಂಗ್ ಮೆಷಿನ್ನಿನ ಹೊಟ್ಟೆಯನ್ನೂ ಬಿಚ್ಚಬೇಕಾಗುತ್ತದೆ. ಆದ್ದರಿಂದ ಹಾವು ಕಂಡ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹುದ್ದೆ ಸುಮ್ಮನೆ ನಿಂತು ನೋಡುವವರದು. ಇದಕ್ಕೆ ಧೈರ್ಯ ಬೇಡ, ಸಲಕರಣೆ ಬೇಡ. ಬಹುಶಃ ಅದಕ್ಕೇ ಯಾರಿಗೂ ಬೇಡ.

ನೋಡುವವರು ನಿಲ್ಲಬೇಕಾದದ್ದು ಮೂರು ಮೀಟರ್ ದೂರದಲ್ಲಿ. ಹಾವು ಸಾಮಾನ್ಯವಾಗಿ ತನ್ನ ಮೈಯುದ್ದದ ಮೂರನೇ ಒಂದರಿಂದ ಅರ್ಧದಷ್ಟು ದೂರಕ್ಕೆ ಎರಗಬಲ್ಲದು. ನಾಲ್ಕಡಿ ಹಾವಿಗೆ ಎರಡಡಿ ಅಂದುಕೊಳ್ಳಿ. ಮೂರು ಮೀಟರ್ ಎಂದರೆ ಹತ್ತಡಿ, ಧಾರಾಳವಾಯಿತು. ಅಲ್ಲಿ ಕದಲದೆ ನಿಂತರೆ ಹಾವಿಗೆ ನೀವು ಒಂದು ಮರದ ಲೆಕ್ಕ. ಅದಕ್ಕೆ ಹೊರಗಿವಿ ಇಲ್ಲದಿದ್ದರೂ ನೆಲದ ಅದುರು ಚೆನ್ನಾಗಿ ತಿಳಿಯುತ್ತದೆ. ಧಪಧಪ ಓಡಾಡಿದಿರೋ, ಅದು ಹತ್ತಿರದ ಸಂದು ಹುಡುಕಿಕೊಳ್ಳುತ್ತದೆ. ಚಪ್ಪಲಿ ಹಾಕಿಕೊಂಡು ಬರುತ್ತೇನೆಂದು ಒಳಗೆ ಹೋಗುವಂತಿಲ್ಲ. ಹೋಗಲೇಬೇಕಾದರೆ ಬದಲಿಗೆ ಬಂದವರು "ಹೂಂ, ಕಾಣ್ತಿದೆ" ಎಂದ ಮೇಲೆ ಹೋಗಬೇಕು. ರಾತ್ರಿಯಾದರೆ ಟಾರ್ಚಿನ ಬೆಳಕು ಹಾವಿನ ಮೇಲೇ ಇರಲಿ, ಹೊಸದಾಗಿ ಬಂದ ಪಕ್ಕದ ಮನೆಯವರ ಮುಖದ ಮೇಲಲ್ಲ.

ಎರಡನೇ ಕೆಲಸ ಬಾಗಿಲಿನದು. ಹಾವು ಕೋಣೆಯೊಳಗಿದ್ದರೆ ಮಕ್ಕಳನ್ನೂ ನಾಯಿ ಬೆಕ್ಕುಗಳನ್ನೂ ಬೇರೆಡೆ ಕಳಿಸಿ, ಮನೆಯೊಳಕ್ಕೆ ತೆರೆಯುವ ಬಾಗಿಲು ಮುಚ್ಚಿ, ಅದರಡಿಯ ಸಂದಿಗೆ ಹೊರಗಿನಿಂದ ಒದ್ದೆ ಟವೆಲ್ ಸುತ್ತಿ ತುರುಕಬೇಕು. ಆ ಕೋಣೆಯಿಂದ ನೇರ ಹೊರಗೆ ಬಾಗಿಲಿದ್ದರೆ ಅದನ್ನು ತೆರೆದಿಟ್ಟು ದಾರಿ ಬಿಡಬೇಕು. ಬಹಳಷ್ಟು ಹಾವುಗಳು ಯಾರ ಉಪಕಾರವೂ ಇಲ್ಲದೆ ಬಂದ ಹಾಗೇ ಹೋಗಬಲ್ಲವು. ಹೋಗದಿರುವುದಕ್ಕೆ ಒಂದೇ ಕಾರಣ: "ಅಯ್ಯೋ, ಹೊರಗೆ ಹೋದರೆ ಸಾಕಪ್ಪಾ" ಎಂದು ಬೇಡಿಕೊಳ್ಳುವವರೆಲ್ಲ ಆ ಹೊರಬಾಗಿಲಿಗೇ ಅಡ್ಡ ನಿಂತಿರುತ್ತಾರೆ.

ಇನ್ನು ನಾಮಕರಣ. ನಮ್ಮ ದೇಶದಲ್ಲಿ ಹೆಚ್ಚು ಜೀವ ತೆಗೆಯುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಗುಂಪಿನಲ್ಲಿ ಒಬ್ಬರಾದರೂ ಇವುಗಳಲ್ಲಿ ಒಂದನ್ನು "ಏನೂ ಮಾಡಲ್ಲ ಬಿಡ್ರೀ" ಎಂದು ಸಮಾಧಾನ ಹೇಳುತ್ತಾರೆ. ಕೊಳಕುಮಂಡಲಕ್ಕೆ ಹೆಬ್ಬಾವಿನ ಮರಿ ಎಂಬ ಬಿರುದು ಸಿಗುವುದು ಹೀಗೆ. ದಪ್ಪ ಮೈ, ಮೋಟು ಬಾಲ, ತ್ರಿಕೋನದ ತಲೆ, ಬೆನ್ನುದ್ದಕ್ಕೂ ಸರಪಳಿಯಂತೆ ಮೂರು ಸಾಲು ಕಂದು ಅಂಡಾಕಾರಗಳು ಇದ್ದರೆ ಅದು ಕೊಳಕುಮಂಡಲ. ಹೆಬ್ಬಾವಿನ ಮಚ್ಚೆಗಳಿಗೆ ಇಂಥ ಶಿಸ್ತಿಲ್ಲ, ಒಂದೊಂದೂ ಒಂದೊಂದು ಆಕಾರ. ಕೊಳಕುಮಂಡಲ ಬುಸುಗುಟ್ಟಿದರೆ ಕುಕ್ಕರ್ ಸೀಟಿ ಹಾಕಿದಂತೆ ಪಕ್ಕದ ಕೋಣೆಗೂ ಕೇಳುತ್ತದೆ. ಅಷ್ಟು ಸ್ಪಷ್ಟವಾಗಿ ಎಚ್ಚರಿಸಿದ ಮೇಲೂ "ಪಾಪ, ಮರಿ" ಎಂದು ಕೈ ಚಾಚುವವರಿದ್ದಾರೆ.

ಕಟ್ಟುಹಾವಿನದು ಇದರ ತದ್ವಿರುದ್ಧ ಸ್ವಭಾವ. ಸದ್ದಿಲ್ಲ, ಗದ್ದಲವಿಲ್ಲ, ರಾತ್ರಿ ಸಂಚಾರ. ಹೊಳೆಯುವ ಕಪ್ಪು ಮೈ ಮೇಲೆ ತೆಳುವಾದ ಬಿಳಿ ಪಟ್ಟಿಗಳು, ಹೆಚ್ಚಾಗಿ ಜೋಡಿ ಜೋಡಿ. ಇದರ ವೇಷದಲ್ಲೇ ಓಡಾಡುವ ವಿಷವಿಲ್ಲದ ತೋಳಹಾವೂ ಉಂಟು. ತೋಳಹಾವಿನ ಪಟ್ಟಿಗಳು ಕುತ್ತಿಗೆಯ ಹತ್ತಿರ ಎದ್ದು ಕಂಡು ಬಾಲದತ್ತ ಮಾಸುತ್ತವೆ. ಕಟ್ಟುಹಾವಿನವು ಕುತ್ತಿಗೆಯ ಬಳಿ ಮಸುಕಾಗಿದ್ದು ಬಾಲದತ್ತ ಸ್ಪಷ್ಟವಾಗುತ್ತವೆ. ಕೇಳಲು ಸುಲಭ. ಆದರೆ ಕರೆಂಟ್ ಹೋದ ರಾತ್ರಿ ಹಾವಿನ ಕುತ್ತಿಗೆ ಎಲ್ಲಿ ಮುಗಿಯಿತು, ಬಾಲ ಎಲ್ಲಿ ಶುರುವಾಯಿತು ಎಂದು ಬಗ್ಗಿ ನೋಡುವುದು ಒಳ್ಳೆಯ ಹವ್ಯಾಸವಲ್ಲ. ಪಟ್ಟೆ ಕಂಡರೆ ಕಟ್ಟುಹಾವು ಎಂದೇ ತಿಳಿಯಿರಿ. ತೋಳಹಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ನಾಗರಹಾವು ಹೆಡೆ ಬಿಚ್ಚುವುದು ಬೆದರಿದಾಗ. ಅಲ್ಲಿಯವರೆಗೆ ಅದು ಕೇರೆಯಂತೆಯೇ ಕಾಣಬಹುದು. ಕೇರೆ ಗಂಡು, ನಾಗರ ಹೆಣ್ಣು ಎಂದು ಮದುವೆ ಮಾಡಿಸುವವರು ಈಗಲೂ ಇದ್ದಾರೆ. ಅವೆರಡೂ ಬೇರೆ ಬೇರೆ ಜಾತಿ, ನಾಗರಕ್ಕೆ ಸಿಕ್ಕರೆ ಕೇರೆ ಊಟವೂ ಆಗಬಹುದು. ಗರಗಸ ಮಂಡಲ ಒಂದೆರಡು ಅಡಿಯ ಪುಟ್ಟ ಹಾವು; ಸುರುಳಿ ಸುತ್ತಿ ಮೈ ಉಜ್ಜಿ ಕರಕರ ಸದ್ದು ಮಾಡುತ್ತದೆ. ಗಾತ್ರ ನೋಡಿ ಪೊರಕೆಯಲ್ಲಿ ಗುಡಿಸಹೊರಟವರಿಗೆ ಅದರ ವೇಗ ಗೊತ್ತಿರುವುದಿಲ್ಲ. ಗುರುತು ಹಿಡಿಯುವ ಚಪಲವಿದ್ದರೆ ನಿಂತಲ್ಲಿಂದಲೇ ಜೂಮ್ ಮಾಡಿ ಒಂದು ಫೋಟೊ ತೆಗೆದು ಬರುತ್ತಿರುವ ಉರಗ ರಕ್ಷಕರಿಗೆ ಕಳಿಸಿ. ಸೆಲ್ಫಿಗೆ ಹಾವಿನ ಕಡೆ ಬೆನ್ನು ತಿರುಗಿಸಬೇಕಾಗುತ್ತದೆ, ಅಲ್ಲಿಗೆ ನೋಡುವವರ ಹುದ್ದೆಯೂ ಹೋಯಿತು.

ಕೋಲು ಹಿಡಿದವರಿಗೆ ಒಂದು ಲೆಕ್ಕ ಹೇಳಬೇಕು. ನಾಲ್ಕಡಿ ಕೋಲಿನಿಂದ ಹೊಡೆಯಲು ಹಾವಿನ ಎರಗುವ ಅಳತೆಗೆ ತೀರಾ ಹತ್ತಿರ ಹೋಗಬೇಕು. ಹತ್ತಡಿ ದೂರದಲ್ಲಿ ಇಲ್ಲದ ಅಪಾಯವನ್ನು ಕಾಲ್ನಡಿಗೆಯಲ್ಲಿ ಹೋಗಿ ತಲುಪಿದಂತಾಯಿತು. ಏಟು ಅರ್ಧ ಬಿದ್ದ ಹಾವು ಬಿಲ ಸೇರಿದರೆ ಅದನ್ನು ಹೊರಗೆ ತರುವುದು ಇನ್ನೂ ಕಷ್ಟ. ಪೂರ್ತಿ ಸತ್ತಿತೆಂದು ಕೈಯಲ್ಲಿ ಎತ್ತುವುದೂ ಕೂಡದು, ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತು ಕಚ್ಚಬಲ್ಲದು. ಇದಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರ, ಕೊಳಕುಮಂಡಲ, ಕೇರೆ ಎಲ್ಲವೂ ರಕ್ಷಿತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಗಾದೆ ಕಟ್ಟಿದವರು ಹಾವು ಹಿಡಿಯುವವರೇ ಇದ್ದಿರಬೇಕು.

ಹಿಡಿಯಲು ಬಂದವರ ಯೋಗ್ಯತೆಯನ್ನೂ ನೋಡಿಕೊಳ್ಳಿ. ಉದ್ದ ಕೊಕ್ಕೆ, ಚೀಲದ ಬಾಯಿಗೆ ಕಟ್ಟಿದ ಪೈಪು ತಂದಿದ್ದರೆ ಕೆಲಸ ಬಲ್ಲವರು. ಕತ್ತಲ ಬಿಲವೆಂದು ಭ್ರಮಿಸಿ ಹಾವು ತಾನೇ ಪೈಪಿನೊಳಗೆ ನಡೆಯುತ್ತದೆ. ನೋಡುವವರಿಗೆ ಇದರಲ್ಲಿ ಯಾವ ಮಜವೂ ಇರುವುದಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಹಾವನ್ನು ಬಾಲ ಹಿಡಿದು ತೂಗಾಡಿಸಿ, ಹೆಡೆಗೆ ಮುತ್ತು ಕೊಟ್ಟು, ಮಕ್ಕಳನ್ನು ಕರೆದು "ಮುಟ್ಟು, ಮುಟ್ಟು" ಎನ್ನುವವರ ನಂಬರನ್ನು ಫೋನಿನಿಂದ ಅಳಿಸಿಬಿಡಿ.

ಫಿನೈಲ್ ಪಂಥದವರದು ಬೇರೆಯೇ ಲೋಕ. ಮನೆ ಸುತ್ತ ಗಂಧಕ, ಬೆಳ್ಳುಳ್ಳಿ ನೀರು, ನುಸಿಗುಳಿಗೆ, ಉಪ್ಪು ಚೆಲ್ಲಿ ನೆಮ್ಮದಿಯಾಗಿ ಮಲಗುತ್ತಾರೆ. ಇವುಗಳನ್ನು ದಾಟಿ ಹಾವು ಆರಾಮವಾಗಿ ಬರುತ್ತದೆ. ಕಾರ್ಬಾಲಿಕ್ ಆಮ್ಲ ಸುರಿದರೆ ಹಾವಿಗಿಂತ ಮೊದಲು ನಿಮ್ಮ ಚರ್ಮ ಸುಡುತ್ತದೆ. ನುಸಿಗುಳಿಗೆ ಮಗುವಿನ ಬಾಯಿ ಸೇರಿದರೆ ಹಾವಿಲ್ಲದೆಯೇ ಆಸ್ಪತ್ರೆ. ಪ್ಲಗ್ಗಿಗೆ ಸಿಕ್ಕಿಸುವ ಅಲ್ಟ್ರಾಸಾನಿಕ್ ಯಂತ್ರದ ಕಥೆ ಇನ್ನೂ ಸೊಗಸು. ಹಾವಿಗೆ ತಿಳಿಯುವುದು ಸುಮಾರು 1,000 ಹರ್ಟ್ಸ್‌ಗಿಂತ ಕೆಳಗಿನ ಸದ್ದು, ಯಂತ್ರ ಹಾಡುವುದು 20,000ಕ್ಕಿಂತ ಮೇಲೆ. ಗಾಯಕರಿಗೂ ಶ್ರೋತೃವಿಗೂ ಭೇಟಿಯೇ ಇಲ್ಲ.

ಹಾವು ಬರುವುದು ಇಲಿ, ಕಪ್ಪೆಗಾಗಿ. ಉಳಿಯುವುದು ಅಡಗಲು ಜಾಗವಿದ್ದರೆ. ಕಾಳು, ನಾಯಿಯ ಊಟ ಮುಚ್ಚಿದ ಡಬ್ಬದಲ್ಲಿರಲಿ. ಸೌದೆಯನ್ನು ಮನೆಯಿಂದ ದೂರ, ನೆಲದಿಂದ ಒಂದಡಿ ಮೇಲೆ ಪೇರಿಸಿ. ಬಚ್ಚಲ ತೂಬಿಗೆ, ಗೋಡೆಯ ಗಾಳಿಕಿಂಡಿಗೆ 6 ಮಿಲಿಮೀಟರ್ ಕಣ್ಣಿನ ಜಾಲರಿ ಹೊಡೆಸಿ. ಬಾಗಿಲಡಿ ಕಿರುಬೆರಳು ತೂರಿದರೆ ಹಾವಿನ ಮರಿಯೂ ತೂರುತ್ತದೆ, ಅಲ್ಲಿಗೆ ರಬ್ಬರ್ ಪಟ್ಟಿ ಬೇಕು. ನೆಲದ ಮೇಲೆ ಮಲಗುವವರಿಗೆ ಸೊಳ್ಳೆ ಪರದೆ ದೊಡ್ಡ ರಕ್ಷೆ, ಅಂಚನ್ನು ಹಾಸಿಗೆಯಡಿ ಸುತ್ತ ಸಿಕ್ಕಿಸಿದ್ದರೆ ಮಾತ್ರ.

ಕಡಿತದ ವಿಷಯದಲ್ಲಿ ತಮಾಷೆ ಸ್ವಲ್ಪ ಪಕ್ಕಕ್ಕೆ. ಉಂಗುರ, ಬಳೆ, ಗಡಿಯಾರ ಮೊದಲು ತೆಗೆಯಿರಿ, ಊತ ಬಂದ ಮೇಲೆ ಕತ್ತರಿಸಬೇಕಾಗುತ್ತದೆ. ಕಡಿತವಾದ ಕೈಯೋ ಕಾಲೋ ಅಲುಗದಂತೆ ಮರದ ಪಟ್ಟಿಯ ಆಸರೆ ಇಟ್ಟು ಸಡಿಲವಾಗಿ ಕಟ್ಟಿ. ಬಿಗಿಯಾಗಿ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು ಎಲ್ಲವೂ ಹೊಸ ಗಾಯಗಳೇ. ನಡೆಸಬೇಡಿ, ಓಡಿಸಬೇಡಿ. ಬೈಕ್ ಒಂದೇ ಗತಿಯಾದರೆ ಇಬ್ಬರ ನಡುವೆ ಕೂರಿಸಿ, ಪ್ರತಿವಿಷವಿರುವ ಆಸ್ಪತ್ರೆಗೆ ನೇರ ಹೋಗಿ. ಹಾವನ್ನು ಕೊಂದು ಚೀಲದಲ್ಲಿ ತರುವ ಅಗತ್ಯವಿಲ್ಲ. ನಾಲ್ಕೂ ಹಾವಿಗೆ ಒಂದೇ ಪ್ರತಿವಿಷ. ರಕ್ತ ಕೆಟ್ಟಿದೆಯೇ ಎಂದು ತಿಳಿಯಲು ವೈದ್ಯರು ಎರಡು ಮಿಲಿಲೀಟರ್ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ನೋಡುತ್ತಾರೆ. ವಿಷ ಏರಿದ್ದರೆ ಮೊದಲ ಸುತ್ತಿಗೆ ಸಾಮಾನ್ಯವಾಗಿ 10 ಸೀಸೆ ಪ್ರತಿವಿಷ. ಮಗುವಿಗೂ ಅಷ್ಟೇ, ಎದುರಿಗಿರುವುದು ಮಗುವೆಂದು ಹಾವು ವಿಷದಲ್ಲಿ ರಿಯಾಯಿತಿ ಕೊಟ್ಟಿರುವುದಿಲ್ಲ. ಕಟ್ಟುಹಾವಿನ ಕಡಿತಕ್ಕೆ ಎಷ್ಟೋ ಸಲ ನೋವೂ ಇಲ್ಲ, ಗುರುತೂ ಇಲ್ಲ. ನೆಲದಲ್ಲಿ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತು ಬಿದ್ದಿದ್ದರೆ ಅಜೀರ್ಣದ ಗುಳಿಗೆ ಕೊಟ್ಟು ಮಲಗಿಸಬೇಡಿ.

ಹಾವು ಚೀಲ ಸೇರಿ ಎಲ್ಲರೂ ಉಸಿರು ಬಿಟ್ಟ ಮೇಲೆ ಯಾರೋ ಒಬ್ಬರು "ಇದರ ಜೋಡಿ ಇಲ್ಲೇ ಎಲ್ಲೋ ಇರಬೇಕು" ಎನ್ನುತ್ತಾರೆ. ಹಾವುಗಳಲ್ಲಿ ಸಂಸಾರ ಮಾಡುವ ಪದ್ಧತಿ ಇಲ್ಲ. ಇನ್ನೊಂದು ಬಂದರೆ ಅದೂ ನಿಮ್ಮ ಮನೆಯ ಇಲಿಗಾಗಿಯೇ ಬಂದದ್ದು. ಆದರೆ ಮೇಯಿಂದ ಜುಲೈವರೆಗಿನ ದಿನಗಳಲ್ಲಿ ಗೇಣುದ್ದದ ಕೊಳಕುಮಂಡಲ ಮರಿ ಸಿಕ್ಕಿದ್ದರೆ ಆ ಮನುಷ್ಯರ ಮಾತಿಗೆ ಬೆಲೆ ಕೊಡಿ. ಕೊಳಕುಮಂಡಲ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು, ಹುಟ್ಟಿನಿಂದಲೇ ವಿಷದ ಹಲ್ಲಿನ ಸಮೇತ. ರಕ್ಷಕರನ್ನು ಹಾಗೇ ಬೀಳ್ಕೊಡದೆ ಇನ್ನರ್ಧ ಗಂಟೆ ನಿಲ್ಲಿಸಿಕೊಂಡು, ಇಟ್ಟಿಗೆ ರಾಶಿಯನ್ನು ಉದ್ದ ಹಿಡಿಯ ಹಾರೆಯಿಂದ ಒಂದೊಂದಾಗಿ ಸರಿಸಿಸಿ. ನೋಡುವವರ ಹುದ್ದೆಗೆ ಈಗ ಇಬ್ಬರು ಬೇಕು.