ಚಿತ್ರಕ್ಕೂ ಮೊದಲೇ ಚಿತ್ರಹಿಂಸೆ

ತಂಗಿ ಮಗುವಿನ ನಾಮಕರಣಕ್ಕೆ ವಾಟ್ಸಾಪಲ್ಲಿ ಕಳಿಸೋಕೆ ಒಂದು ಚಿತ್ರ ಬೇಕಿತ್ತು. ತೊಟ್ಟಿಲು, ಮಲ್ಲಿಗೆ ದಂಡೆ, ಪಕ್ಕದಲ್ಲೊಂದು ದೀಪ. ಅಷ್ಟೇ. ಎಐ ಎರಡು ನಿಮಿಷದಲ್ಲಿ ಬರೆದುಕೊಡುತ್ತೆ ಅಂದರು ಭಾವ. ಕೊಡುತ್ತೇನೋ, ಒಳಗೆ ಬಿಟ್ಟರೆ ತಾನೇ!

ಮೊದಲು ಪಾಸ್‌ವರ್ಡ್ ತಪ್ಪು ಅಂತು. ಬದಲಾಯಿಸೋಣ ಅಂದರೆ ಲಿಂಕ್ ಹೋಗಿ ಸ್ಪ್ಯಾಮ್ ಫೋಲ್ಡರಲ್ಲಿ ಕೂತಿತ್ತು. ಹುಡುಕಿ ತೆಗೆಯೋ ಹೊತ್ತಿಗೆ ಅದರ ಅವಧಿ ಮುಗಿದಿತ್ತು. ಮತ್ತೊಂದು ತರಿಸಿಕೊಂಡೆ. ಆಮೇಲೆ 'ನೀವು ಮನುಷ್ಯರೇ?' ಅನ್ನೋ ಪರೀಕ್ಷೆ. ಒಂಬತ್ತು ಚೌಕದಲ್ಲಿ ಟ್ರಾಫಿಕ್ ಸಿಗ್ನಲ್ ಎಲ್ಲೆಲ್ಲಿದೆ ತೋರಿಸಬೇಕು. ಕಂಬವೂ ಸಿಗ್ನಲ್ಲೇ ಅಲ್ವಾ? ನಾನು ಯಂತ್ರ ಅಲ್ಲ ಅಂತ ಯಂತ್ರದ ಮುಂದೆ ಕೈಮುಗಿದು ಹೇಳೋ ಗತಿ ಬಂತಲ್ಲಪ್ಪ.

ಕುಕೀ ಅಳಿಸಿದೆ, ಬ್ರೌಸರ್ ಬದಲಿಸಿದೆ, ಆಫೀಸಿನ ವಿಪಿಎನ್ ಆಫ್ ಮಾಡಿದೆ. ಪಾಸ್‌ವರ್ಡ್ ಆದಮೇಲೆ ಕೇಳೋ, ಫೋನಿನ ಅಥೆಂಟಿಕೇಟರ್ ಆ್ಯಪ್ ತೋರಿಸೋ ಆರಂಕಿ ಕೋಡ್ ಮಾತ್ರ ಹಾಕಿದಷ್ಟು ಸಲವೂ ತಪ್ಪು. ಕೊನೆಗೆ ಹೊಳೀತು: ಆ ಕೋಡು ಫೋನಿನ ಗಡಿಯಾರ ನೋಡಿಕೊಂಡು 30 ಸೆಕೆಂಡಿಗೊಮ್ಮೆ ಬದಲಾಗೋದು. ನಮ್ಮ ಮನೆಯ ಕುಮಾರಕಂಠೀರವ ಗೇಮಲ್ಲಿ ಬೇಗ ಲೈಫ್ ಸಿಗಲಿ ಅಂತ ಫೋನಿನ ಟೈಮನ್ನೇ ಅರ್ಧ ಗಂಟೆ ಮುಂದಕ್ಕಿಟ್ಟಿದ್ದ! ಆಟೋಮ್ಯಾಟಿಕ್ ಟೈಮ್ ಆನ್ ಮಾಡಿದೆ, ಬಾಗಿಲು ತೆರೀತು.

ಒಳಗೆ ಹೋದರೆ, 'ಈಗ ಬಹಳ ಜನ ಬಳಸುತ್ತಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ.'

ಅಷ್ಟರಲ್ಲಿ ತಂಗಿ, ಹೋದ ವರ್ಷ ಯಾರೋ ಕಳಿಸಿದ್ದ ಗುಲಾಬಿ ಹೂವಿನ ಕಾರ್ಡಲ್ಲೇ ಹೆಸರು ತಿದ್ದಿ ಊರಿಗೆಲ್ಲ ಹಂಚಿ ಆಗಿತ್ತು. ನನಗೂ ಒಂದು ಬಂತು.